ಗುಲಾಬ ಕೀಳದ ಮೊಳೆ

ಉಮದಿಯ ಬಡಿಗ ಗುಲಾಬನಷ್ಟು ಮೊಳೆ ಕಿತ್ತವರು ಇಡೀ ಜತ್ತ ತಾಲೂಕಿನಲ್ಲೇ ಇರಲಿಲ್ಲ; ಯಾರೂ ಕೇಳದಿದ್ದರೂ ಅವನೇ ಹೇಳುತ್ತಿದ್ದ. ಅಂಥ ಮಹಾನುಭಾವ ಒಂದೇ ಒಂದು ಮೊಳೆಯನ್ನು ಕೀಳದೆ ಉಳಿಸಿ, ಅದಿದ್ದ ಗೇಣುದ್ದದ ಹಲಗೆತುಂಡನ್ನು ಮೊನೆ ಮೇಲಾಗಿ ಅಂಗಳದಲ್ಲಿ ಬಿಸಾಕಿದ್ದ. ತೊಂಬತ್ತೆಂಟರ ಒಂದು ಬೆಳಿಗ್ಗೆ ಅವನ ಐದು ವರ್ಷದ ಮಗಳು ಫಿರದೋಸ ಕಟ್ಟಿಗೆಯ ರಾಶಿ ಹತ್ತಿ, ಜಾರಿ, ಸರಿಯಾಗಿ ಅದರ ಮೇಲೆಯೇ ಬಿದ್ದಳು.

ಮೊಳೆ ಕಿವಿಯ ಮೇಲ್ಗಡೆ ತಲೆಯೊಳಗೆ ಇಳಿದಿತ್ತು. ಹಲಗೆಯ ಸಮೇತ ಎದ್ದು ಕೂತ ಮಗು "ಅಬ್ಬಾ" ಎಂದು ಅಪ್ಪನನ್ನು ಕರೆದು ಅತ್ತಿತು.

ಓಣಿಗೆ ಓಣಿಯೇ ಡಾಕ್ಟರಾಯಿತು. ಕಿತ್ತು ಅರಿಷಿಣ ಮೆತ್ತಿರಿ ಎಂದಿತು ಒಂದು ಬಾಯಿ, ಚಹಾಪುಡಿ ಎಂದಿತು ಇನ್ನೊಂದು. ಕೀಳಬೇಕೆಂಬುದರಲ್ಲಿ ಮಾತ್ರ ಯಾರದೂ ತಕರಾರಿರಲಿಲ್ಲ. ಗುಲಾಬ ಇಕ್ಕಳ ಹಿಡಿದು ಬಂದ. ಅವನಿಗೂ ಹೆದರಿಕೆಯಿತ್ತು, ಆದರೆ ಅಷ್ಟು ಹೆಸರು ಮಾಡಿದ ಕೈ ಊರೆದುರಿಗೆ ಸುಮ್ಮನಿರುವುದು ಹೇಗೆ?

ಹೆಂಡತಿ ರಹಿಮಾ ಅಡ್ಡ ನಿಂತಳು.

"ಹಿಂದಕ್ಕ ಸರಿ" ಎಂದ ಗುಲಾಬ. "ಒಮ್ಮಿ ಜಗ್ಗಿದರ ಬರತದ."

"ಮೊಳಿ ಬರತದರಿ. ಅದರ ಹಿಂದ ಏನ ಬರತದ? ತೂತಿನಾಗಿನ ಬೆಣಿ ತಗದರ ಕೊಡದಾಗ ನೀರ ಉಳೀತದೇನ್ರಿ?"

"ಇಂಥಾವು ಸಾವಿರ ಕಿತ್ತೀನಿ!"

"ಹಲಗಿ ಸತ್ತರ ಯಾರೂ ಅಳೂದಿಲ್ಲರಿ."

ನೀರು ಹೊರುವ ಸಿಂಬಿಯನ್ನು ಹಲಗೆಯ ಸುತ್ತ ಆನಿಸಿ, ಸೆರಗು ಹರಿದು ಅಲುಗದಂತೆ ಕಟ್ಟಿ, ರಹಿಮಾ ಮಗುವಿನ ತಲೆ ಹಿಡಿದು ಓಣಿಯ ಸೋಮನಿಂಗಪ್ಪನ ಜೀಪು ಹತ್ತಿದಳು. ಸೊಲ್ಲಾಪುರದವರೆಗೂ ಗುಲಾಬ ಇಕ್ಕಳವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ. ದಾರಿಯಲ್ಲಿ ಹೆಂಡತಿಗೆ ಬುದ್ಧಿ ಬಂದರೆ ಬೇಕಾಗುತ್ತದಲ್ಲ!

ಆಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದು, ರಕ್ತ ತರಿಸಿಟ್ಟು, ಆಮೇಲೆ ಮಗುವನ್ನು ಒಳಗೊಯ್ದರು. ನಾಲ್ಕು ತಾಸಿನ ಮೇಲೆ ಡಾಕ್ಟರು ಹೊರಬಂದರು.

"ಮೊಳಿ ಕೀಳಾಕ ಒಂದ ನಿಮಿಷ ಹತ್ತಿತು. ಅದಕಿಂತ ಮೊದಲ ಸುತ್ತಿನ ಎಲುಬು ಬಿಡಸಾಕ ಎರಡ ತಾಸು. ಕಿತ್ತ ಕೂಡಲೇ ರಕ್ತ ಚಿಮ್ಮಿತು. ಎಲುಬು ಬಿಡಿಸಿದ್ದಕ್ಕ ನಾಳ ಕಣ್ಣಿಗೆ ಕಾಣತಿತ್ತು, ಹಿಡದ ಹೊಲಿದಿವಿ. ಮನ್ಯಾಗ ಕಿತ್ತಿದ್ದರ ಮಗು ಊರ ದಾಟತಿರಲಿಲ್ಲ. ಈಗ ಕಣ್ಣ ತಗದಾಳ, ಕೈಕಾಲು ಆಡಸಾಕತ್ತಾಳ. ಭಾಳ ಶಾಣ್ಯಾ ಇದ್ದೀರಿ ನೀವು, ಕೀಳದ ಹಂಗ ತಂದೀರಿ" ಎಂದು ಗುಲಾಬನ ಭುಜ ತಟ್ಟಿದರು.

ಬಂದ ಹೊಗಳಿಕೆಯನ್ನು ಎಂದೂ ಬೇಡವೆಂದವನಲ್ಲ ಅವನು. ಇವತ್ತು ಅಲ್ಲೇ ನೆಲಕ್ಕೆ ಕೂತ.

"ನಾ ಕೀಳಾಂವ ಇದ್ನಿರಿ ಸಾಹೇಬ್ರ" ಎಂದು ಅತ್ತುಬಿಟ್ಟ. "ಆ ಮೊಳಿ ಅಂಗಳದಾಗ ಬಿಟ್ಟಾಂವನೂ ನಾನ. ಮಗಳನ್ನ ಉಳಿಸಿದಾಕಿ ಈಕಿ."

ರಹಿಮಾ ಕಣ್ಣೊರೆಸಿಕೊಂಡಳು.

"ಇನ್ನೊಮ್ಮಿ ಹೇಳ್ರಿ" ಎಂದಳು. "ಉಮದಿತನಕ ಕೇಳಬೇಕು."