ಮೂರನೆಯ ಸಲ ಕೇಳಿದಾಗ

ಹಿಮಾಯತ್‌ನಗರದಲ್ಲಿ ಏನು ಎಲ್ಲಿ ಚೆನ್ನಾಗಿ ಸಿಗುತ್ತದೆ ಎನ್ನುವುದನ್ನು ಮಂದಾಕಿನಿಯನ್ನೇ ಕೇಳಬೇಕು. ಯಾವ ಬಂಡಿಯ ಇಡ್ಲಿಗೆ ಒಂಬತ್ತರೊಳಗೆ ಹೋಗಬೇಕು, ಯಾವ ಅಂಗಡಿಯಲ್ಲಿ ಕಚೋರಿ ನಾಲ್ಕು ಗಂಟೆಗೆ ಬಿಸಿಬಿಸಿ ಸಿಗುತ್ತದೆ, ಯಾವ ಇರಾನಿ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಫ್ಯಾನು ಸರಿಯಾಗಿ ತಿರುಗುತ್ತದೆ, ಎಲ್ಲವೂ ಬಾಯಿಪಾಠ. ಆದರೆ ಆರು ವರ್ಷದಿಂದ ಅವಳು ಇವುಗಳಲ್ಲಿ ಒಂದರ ಹೊಸ್ತಿಲನ್ನೂ ತುಳಿದಿರಲಿಲ್ಲ. ಬೇಗಂ ಬಜಾರಿನಲ್ಲಿ ಕೆಲಸಕ್ಕಿದ್ದ ಗಂಡ ಬದುಕಿರುವ ತನಕ ಭಾನುವಾರಕ್ಕೊಂದು ಕಡೆ ಕರೆದೊಯ್ಯುತ್ತಿದ್ದ. ಈಗ ಸೀರೆಗಳಿಗೆ ಫಾಲ್ ಹಚ್ಚಿ, ಅವನ್ನು ಮನೆಮನೆಗೆ ಕೊಟ್ಟು ಬರುವಾಗ ಮೂಗಿಗೆ ಬಡಿಯುವ ವಾಸನೆಯಷ್ಟೇ ಅವಳ ಪಾಲಿನದು. ಆರು ಜನ ಕೂರುವ ಫ್ಯಾಮಿಲಿ ರೂಮಿನಲ್ಲಿ ಒಂಟಿ ಹೆಂಗಸು ಹೋಗಿ ಏನು ಮಾಡಬೇಕು? ಪರದೆ ಎಳೆದುಕೊಂಡು ಗೋಡೆಯ ಜೊತೆ ಮಾತಾಡಬೇಕೇ?

ಆ ಭಾನುವಾರ ಬೆಳಿಗ್ಗೆ ಮಹಡಿ ಮೇಲಿನ ಸ್ನೇಹಲತಾ ಕಾಗದ, ಪೆನ್ನು ಹಿಡಿದು ಬಂದಳು. ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ಏಳಕ್ಕೆಲ್ಲ ಕಂಪನಿ ಬಸ್ಸು ಹತ್ತುವ ಹುಡುಗಿ.

"ಮೌಶಿ, ನಾಕ್ ತಿಂಗಳಾತು ಬಂದು, ಬಸ್ ಸ್ಟಾಪ್ ಬಿಟ್ಟು ಏನೂ ನೋಡಿಲ್ಲ. ಮಂಗಳವಾರ ಆಫೀಸಿನ ಹತ್ರಾನೇ ಹಾಸ್ಟೆಲಿಗೆ ಹೊಂಟೀನಿ. ಇವತ್ತೇ ಎಲ್ಲಾ ನೋಡಿಬಿಡಬೇಕು. ಎಲ್ಲೆಲ್ಲಿ ಏನೇನ್ ತಿನ್ಬೇಕು, ಹೇಳ್ರಿ."

ಮಂಗಳವಾರ ಎಂದೊಡನೆ ಮಂದಾಕಿನಿಯ ಕೈಯ ಸೂಜಿ ನಿಂತಿತು. ತನ್ನ ತವರು ಗುಲ್ಬರ್ಗಾ ಕಡೆಯ ಕನ್ನಡ ಅವಳ ಕಿವಿಗೆ ಬೀಳುತ್ತಿದ್ದುದು ಈ ಹುಡುಗಿಯ ಬಾಯಿಂದ ಮಾತ್ರ. ಆದರೂ ಒಂದೊಂದಾಗಿ ಹೇಳಿದಳು: ಇಡ್ಲಿ, ಬಾಲಾಜಿ ಗುಡಿ, ಆಬಿಡ್ಸ್‌ನ ಫುಟ್‌ಪಾತಿನ ಹಳೇ ಪುಸ್ತಕ, ಮಧ್ಯಾಹ್ನ ಇರಾನಿ ಚಹಾ, ಕೊನೆಗೆ ಕಚೋರಿ. ಹುಡುಗಿ ಬರೆದುಕೊಂಡು ಎದ್ದಳು.

"ನೀವೂ ಬರ್ರಿ ಮೌಶಿ, ಕೂಡೇ ಹೋಗೋಣ್ರಿ."

ಮಂದಾಕಿನಿಯ ಮನಸ್ಸು ಆಗಲೇ ಪೆಟ್ಟಿಗೆ ತೆರೆದು ಇಳಕಲ್ ಸೀರೆ ತೆಗೆದಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಅಂದಿತು: "ಬ್ಯಾಡವ್ವಾ, ನೀ ಹೋಗಿ ಬಾ. ನಂದು ನಾಷ್ಟಾ ಆಗ್ಯಾದ."

ಆಗಿರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ಆದರೆ ಕರೆದ ಕೂಡಲೇ ಎದ್ದು ಹೊರಟರೆ ಹೊಟ್ಟೆಬಾಕಿ ಅನ್ನುತ್ತಾರೆ ಎಂದು ಅವ್ವ ಕಲಿಸಿದ್ದಳು. ಮೊದಲನೆಯ ಸಲ ಒಲ್ಲೆ ಅನ್ನಬೇಕು, ಎರಡನೆಯ ಸಲ ಈಗಷ್ಟೇ ಆಗ್ಯಾದ ಅನ್ನಬೇಕು, ಮೂರನೆಯ ಸಲ ಕೈಹಿಡಿದು ಎಳೆದಾಗ ಹ್ಞೂಂ ಅನ್ನಬೇಕು. ಊರಲ್ಲಿ ಕರೆಯುವವರಿಗೂ ಇದು ಗೊತ್ತು, ಮೂರು ಸಲ ಕರೆಯದೆ ಯಾರೂ ಬಿಡುವುದಿಲ್ಲ. ಸ್ನೇಹಲತಾ ಆ ಕಡೆಯವಳೇ ಆದರೂ ಹಾಸ್ಟೆಲುಗಳಲ್ಲಿ ಬೆಳೆದವಳು, ಅಲ್ಲಿ ಬೇಡ ಎಂದರೆ ಬೇಡ ಅಷ್ಟೆ.

"ಹೌದಾ? ಸರಿ ಮೌಶಿ," ಎಂದು ಹೊರಟೇಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂದಾಕಿನಿ ಬಾಗಿಲಲ್ಲಿ ನಿಂತು ತನ್ನನ್ನೇ ಬೈದುಕೊಂಡಳು. ಬೈದುಕೊಂಡು ಬೈದುಕೊಂಡು, ಕೊನೆಗೆ ಇಳಕಲ್ ಸೀರೆ ಉಟ್ಟಳು. ಯಾರಾದರೂ ಕೇಳಿದರೆ ಹೇಳಲಿಕ್ಕಿರಲಿ ಎಂದು ಫಾಲ್ ಹಚ್ಚಿದ ಎರಡು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ತಾನೇ ಹೇಳಿದ ದಾರಿ ಹಿಡಿದಳು. ಇಡ್ಲಿ ಬಂಡಿಯವನು ಆಗಲೇ ಪಾತ್ರೆ ತೊಳೆಯುತ್ತಿದ್ದ. ಗುಡಿಯಲ್ಲಿ ಹುಡುಗಿ ಇರಲಿಲ್ಲ. ಆಬಿಡ್ಸ್‌ವರೆಗೆ ನಡೆದಳು, ಅಲ್ಲಿಯೂ ಇಲ್ಲ. ಮಧ್ಯಾಹ್ನ ಇರಾನಿ ಹೋಟೆಲಿನ ಬಾಗಿಲಲ್ಲಿ ನಿಂತಾಗ ಕಾಲುಗಳು ಸೋತಿದ್ದವು. ಫ್ಯಾಮಿಲಿ ರೂಮಿನ ಪರದೆ ಅರ್ಧ ಸರಿದಿತ್ತು. ಒಳಗೆ ಸ್ನೇಹಲತಾ ಒಬ್ಬಳೇ ಕೂತು ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದಳು. ಸುತ್ತ ಐದು ಕುರ್ಚಿ ಖಾಲಿ.

"ಅರೆ, ಮೌಶಿ! ಬರ್ರಿ, ಕೂಡ್ರಿ, ಚಹಾ ಕುಡೀರಿ!"

ಈಗ ಕೂರಬೇಕಿತ್ತು. ಹುಡುಗಿ ಚೀಲಕ್ಕೆ ಜಾಗ ಮಾಡುತ್ತ ಕುರ್ಚಿಯನ್ನೂ ಎಳೆದಿದ್ದಳು. ಆದರೆ ಇದು ಎರಡನೆಯ ಸಲ. ಐವತ್ತು ವರ್ಷದ ಅಭ್ಯಾಸದ ನಾಲಿಗೆ ಎರಡನೆಯ ಸಲದ ಮಾತನ್ನೇ ಆಡಿತು.

"ನಂದು ಈಗಷ್ಟೇ ಆಗ್ಯಾದವ್ವಾ. ಸೀರಿ ಕೊಡೋದು ಅದ, ಬರ್ತೀನಿ."

ಹೇಳಿ ಒಂದು ಕ್ಷಣ ನಿಂತಳು. ಇನ್ನೊಂದೇ ಸಲ ಕೇಳು ತಾಯಿ ಎಂದು ಒಳಗೊಳಗೇ ಬೇಡಿಕೊಂಡಳು. ಹುಡುಗಿ ನಕ್ಕು ತಲೆಯಾಡಿಸಿ, ಪಟ್ಟಿಯಲ್ಲಿ ಚಹಾದ ಮುಂದೆ ಗುರುತು ಹಾಕಿಕೊಂಡಳು. ಮಂದಾಕಿನಿ ಮನೆಗೆ ಬಂದು, ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾದರೂ ಸುಮ್ಮನೆ ಗೋಡೆಗೊರಗಿ ಕೂತಳು. ಅಳು ಬಂತು, ಅತ್ತಳು.

ಐದರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಸ್ನೇಹಲತಾ ಎಣ್ಣೆ ಅಂಟಿದ ಪೊಟ್ಟಣ ಹಿಡಿದು ನಿಂತಿದ್ದಳು.

"ಮೌಶಿ, ನೀವ್ ಹೇಳಿದ ಕಚೋರಿ. ಇದನ್ನಾದ್ರೂ ತಿನ್ರಿ..."

"ಹ್ಞೂಂ, ತಿಂತೀನವ್ವಾ, ತಿಂತೀನಿ!"

ಮೂರನೆಯ ಸಲ! ಮಾತು ಮುಗಿಯುವ ಮೊದಲೇ ಮಂದಾಕಿನಿ ಪೊಟ್ಟಣ ತೆಗೆದುಕೊಂಡಿದ್ದಳು. ಒಳಗೆ ಓಡಿ ಚಾಪೆ ಬಿಡಿಸಿದಳು, ಎರಡು ತಟ್ಟೆ ಇಟ್ಟಳು, ಕಚೋರಿಗಳನ್ನು ಸಮನಾಗಿ ಹಂಚಿದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.

"ಬಾರವ್ವಾ, ಕೂಡೇ ತಿನ್ನೋಣ!" ಎಂದು ಕೂಗಿದಳು.

"ನಂದು ಆಗ್ಯಾದ್ರಿ ಮೌಶಿ! ಸಾಮಾನ್ ಕಟ್ಟೋದು ಅದ!"

ಮಂದಾಕಿನಿ ಎರಡನೆಯ ಸಲ ಕರೆಯಲು ಬಾಯಿ ತೆರೆದಳು, ಮುಚ್ಚಿದಳು. ಆ ಹುಡುಗಿಯದು ನಿಜವಾಗಿಯೂ ಆಗಿತ್ತು.