ಕೋಲಿನ ಅಳತೆಗೆ ಕಟ್ಟಿದ ಸೈಕಲ್

ನನ್ನ ತಮ್ಮ ಅನೂಪನ ದಿಂಬಿನ ಗವಸಿನೊಳಗೆ ಹದಿನೇಳು ನಿದ್ದೆಗುಳಿಗೆ ಸಿಕ್ಕಿದ್ದು ಒಂದು ಶನಿವಾರ, ಗವಸು ಒಗೆಯಲೆಂದು ಬಿಚ್ಚಿದಾಗ. ದಿನಕ್ಕೊಂದರಂತೆ ನುಂಗಬೇಕಾದವನ್ನು ನುಂಗದೆ ಕೂಡಿಟ್ಟಿದ್ದ. ನಾನು ಅವನ್ನೆಲ್ಲ ಬಚ್ಚಲಿಗೆ ಸುರಿದು ನೀರು ಬಿಟ್ಟೆ. ಗವಸು ಒಗೆದು ಒಣಗಿಸಿ ಮತ್ತೆ ದಿಂಬಿಗೆ ಹಾಕಿದೆ. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತಿನಿಂದ ಗುಳಿಗೆ ಡಬ್ಬಿ ನನ್ನ ಜೊತೆ ಬ್ಯಾಂಕಿಗೆ ಬರತೊಡಗಿತು. ಮನಸ್ಸು ಮಾಡಿದವನನ್ನು ಒಂದು ಡಬ್ಬಿ ಬಚ್ಚಿಟ್ಟು ತಡೆಯಲಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಕೌಂಟರಿನಲ್ಲಿ ಕೂತಾಗ ಫೋನು ಬಡಿದುಕೊಂಡರೆ ಸಾಕು, ಎಣಿಸುತ್ತಿದ್ದ ನೋಟು ಬಿಟ್ಟು ಎತ್ತಿಕೊಳ್ಳುತ್ತಿದ್ದೆ.

ಅನೂಪ ಸೈಕಲ್ ಓಟಗಾರ. ವಿಜಯಪುರದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಓಣಿಗೊಬ್ಬನಾದರೂ ಬೆನ್ನು ಬಾಗಿಸಿ ರೇಸ್ ಸೈಕಲ್ ತುಳಿಯುವವನು ಇರುತ್ತಾನೆ. ಹದಿನಾಲ್ಕು ತಿಂಗಳ ಹಿಂದೆ, ಬೆಳಗಿನ ಅಭ್ಯಾಸಕ್ಕೆಂದು ಬಬಲೇಶ್ವರ ರಸ್ತೆಗೆ ಹೋದವನು, ದೀಪವಿಲ್ಲದೆ ನಿಲ್ಲಿಸಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೋಗಿ ಬಡಿದ. ಬೆನ್ನಿಗೆ ಎರಡು ರಾಡು, ಬಲದೊಡೆಗೆ ಒಂದು. ನೋಡಲು ಬಂದವರೆಲ್ಲ ಬಾಳೆಹಣ್ಣು ತಂದರು, ಹೋಗುವಾಗ ಎಲ್ಲರೂ ಒಂದೇ ಮಾತು ಹೇಳಿ ಹೋದರು: “ಮೊದಲಿನಂಗ ಆಗ್ತಾನ ಬಿಡ್ರಿ.” ನಮ್ಮವ್ವ ಭಾಗೀರಥೀಬಾಯಿ ಅದನ್ನೇ ದೇವರ ಮುಂದೆ ದಿನಕ್ಕೆ ಎರಡು ಹೊತ್ತು ಹೇಳಿದಳು. ನಾನೂ ಹೇಳಿದೆ. ಅನೂಪ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಹಾಗೇ ಉಳಿದ.

ಸೈಕಲ್ ತುಳಿಯಬಹುದು, ಆದರೆ ಬೆನ್ನು ಬಾಗಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತು ತಿಳಿಸಿದಾಗ ಅವನು, “ಬೆನ್ನ ಬಾಗಿಸಲಾರದ್ದು ಸೈಕಲ್ ಅಲ್ಲ, ಅಕ್ಕಾ. ಕುರ್ಚಿ ಅದು” ಎಂದಿದ್ದ. ಗುಳಿಗೆ ಸಿಕ್ಕ ವಾರ ಏನು ಮಾಡಲೂ ತೋಚದೆ ಫೋನಿನಲ್ಲಿ ಹುಡುಕುತ್ತ ಕೂತಾಗ ಒಂದು ಚಿತ್ರ ಕಂಡಿತು. ಹಳೇ ಕಾಲದ ಉದ್ದನೆಯ ಸೈಕಲ್, ದಪ್ಪ ಟೈರು, ಕೈಚಾಚಿ ಹಿಡಿಯುವಷ್ಟು ಅಗಲದ ಹ್ಯಾಂಡಲ್ಲು, ಬಿಲ್ಲಿನ ಹಾಗೆ ಬಾಗಿದ ಪೈಪು. ಕೂತವನು ನೆಟ್ಟಗೆ, ಗತ್ತಿನಿಂದ ಕೂತಿದ್ದ. ಕ್ರೂಸರ್ ಎಂದು ಅದರ ಹೆಸರು. ನಮ್ಮ ಕಡೆ ಕ್ರೂಸರ್ ಅಂದರೆ ಹದಿನೈದು ಜನರನ್ನು ತುಂಬಿಕೊಂಡು ಹಳ್ಳಿಗೆ ಓಡುವ ಜೀಪು. ಕ್ರೂಸರ್ ತರುತ್ತೇನೆಂದಾಗ, “ಜೀಪ್ ತಗೊಂಡು ಏನ್ ಮಾಡ್ತಿ, ತಾಯಿ?” ಎಂದು ಅವ್ವ ಕೇಳಿದಳು. ಅವಳಿಗೆ ತಿಳಿಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಅಂಗಡಿಯಿಂದ ಹೊಸದು ತಂದರೆ ರೋಗಿಗೆ ತಂದ ಗಾಡಿ ಎಂದು ತಿರುಗಿಯೂ ನೋಡುವುದಿಲ್ಲ, ಅದು ಖಾತ್ರಿ. ಅವನು ಹದಿನಾಲ್ಕನೇ ವಯಸ್ಸಿನಲ್ಲಿ ತನ್ನ ಮೊದಲ ಸೈಕಲ್ಲನ್ನು ಗುಜರಿ ಸಾಮಾನಿನಿಂದಲೇ ಕಟ್ಟಿಕೊಂಡವನು. ಕಟ್ಟಲು ಕಲಿಸಿದವರು ಸ್ಟೇಷನ್ ರಸ್ತೆಯ ಅಯೂಬ ಚಾಚಾ. ನಾನು ನೇರ ಅವರ ಅಂಗಡಿಗೆ ಹೋದೆ.

ಅಯೂಬ ಚಾಚಾನ ಅಂಗಡಿಗೆ ಒಂದು ಪದ್ಧತಿ ಇತ್ತು. ಅವರ ಹತ್ತಿರ ಸೈಕಲ್ ಕಟ್ಟಿಸಿಕೊಂಡ ಪ್ರತಿ ಓಟಗಾರನಿಗೂ ಒಂದೊಂದು ಅಳತೆಕೋಲು. ಕಾಲಿನುದ್ದಕ್ಕೆ ಒಂದು ಗೀರು, ತೋಳಿಗೆ ಒಂದು, ಬೆನ್ನಿಗೆ ಒಂದು, ತುದಿಯಲ್ಲಿ ಹೆಸರು. ಮೂವತ್ತು ನಲವತ್ತು ಕೋಲುಗಳು ಮೊಳೆಗೆ ತೂಗುತ್ತಿದ್ದವು. ಟೇಪಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಹುಡುಗ ದೂರದ ಊರಿನಲ್ಲಿದ್ದರೂ ಕೋಲು ನೋಡಿ ಸೈಕಲ್ ಕಟ್ಟಿ ಲಾರಿಗೆ ಹಾಕಿದವರು, ಒಂದೂ ತಪ್ಪಿರಲಿಲ್ಲ.

ಅವರು ಫೋನಿನಲ್ಲಿನ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಕಟ್ಟೋಣು. ಖರೆ ಒಮ್ಮಿ ಹುಡುಗನ್ನ ಕರ್ಕೊಂಡ ಬರ್ರಿ, ಅಕ್ಕಾರ” ಎಂದರು.

“ಅಂವನ ಕೋಲು ಇಲ್ಲೇ ಐತಲ್ಲಾ, ಚಾಚಾ” ಎಂದೆ.

ಅವರ ಮುಖ ಅರಳಿತು. ಅನೂಪನ ಕೋಲನ್ನು ಇಳಿಸಿ ಅಂಗಿಯ ತೋಳಿನಿಂದ ಧೂಳು ಒರೆಸಿದರು. “ಹೌದ್ ಬಿಡ್ರಿ. ಇಪ್ಪತ್ತೆರಡರ ಮ್ಯಾಲ ಯಾರ ಕಾಲೂ ಬೆಳಿಯೂದಿಲ್ಲ” ಎಂದರು. ನಾನೂ ತಲೆಯಾಡಿಸಿದೆ.

ಆಮೇಲೆ ಆರು ಭಾನುವಾರ ನಾನು ಹುಚ್ಚಿಯಂತೆ ಅಲೆದೆ. ಘೋಣಸಗಿಯಲ್ಲಿ ಶಿವಯೋಗೆಪ್ಪ ಎಂಬವರ ಮನೆಯಲ್ಲಿ ಹಾಲಿನ ಕ್ಯಾನು ಹೊರುತ್ತಿದ್ದ ಹಳೇ ಸೈಕಲ್ಲಿನ ಚೌಕಟ್ಟು ಇದೆಯೆಂದು ತಿಳಿದು ಹೋದೆ. ಅದರ ಮೇಲೆ ಹೀರೇಬಳ್ಳಿ ಹಬ್ಬಿತ್ತು. “ಕಾಯಿ ಇನ್ನ ಎಳೀವದಾವು, ತಂಗಿ, ಎಂಟ ದಿನ ಬಿಟ್ಟ ಬಾ” ಎಂದರು. ಎಂಟು ದಿನ ಕಾಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾಕೆ ಎಂದು ಹೇಳಲೂ ಆಗದೆ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಅವರು ಗಾಬರಿಯಾಗಿ ಕುಡುಗೋಲು ತಂದು ಬಳ್ಳಿ ಕೊಯ್ದರು. ಅನೂಪನ ಅಪಘಾತದ ಸುದ್ದಿ ಅವರೂ ಕೇಳಿದ್ದರು. “ನಿನ್ನ ತಮ್ಮ ಈಗ ಹೆಂಗದಾನ?” ಎಂದು ಮೆಲ್ಲಗೆ ಕೇಳಿದರು. “ಮೊದಲಿನಂಗ ಆಗ್ಲಿಕತ್ತಾನ್ರಿ” ಎಂದೆ. ನಾಲಗೆಗೆ ಅದು ರೂಢಿಯಾಗಿಬಿಟ್ಟಿತ್ತು.

ಬಿಲ್ಲಿನಂತೆ ಬಾಗಿದ ಪೈಪನ್ನು ತಿಕೋಟಾದಲ್ಲಿ ದ್ರಾಕ್ಷಿ ಚಪ್ಪರದ ಕಮಾನು ಬಗ್ಗಿಸುವ ಯಂತ್ರದಲ್ಲಿ ಬಗ್ಗಿಸಿಕೊಟ್ಟರು. ಹ್ಯಾಂಡಲ್ಲು ಒಂದು ಸತ್ತ ಮೊಪೆಡ್ಡಿನದು. ಸ್ಪ್ರಿಂಗ್ ಇದ್ದ ತೊಗಲಿನ ಸೀಟು ಸಿಕ್ಕಿದ್ದು ನಿಡೋಣಿಯ ರುದ್ರವ್ವನ ಅಟ್ಟದ ಮೇಲೆ. ಅದು ಅವಳ ಗಂಡ ಕೂರುತ್ತಿದ್ದ ಸೀಟು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿ, “ನಮ್ಮ ಮನ್ಯಾಗಿನವರು ಕುಂತ ಕುಂತ ಹೆಂಗ ಗುಳಿ ಬೀಳ್ಸ್ಯಾರ ನೋಡವಾ. ಇದು ಅವರ ಕುಂಡಿಗಷ್ಟ ಹೊಂದತಿತ್ತು. ನಿನ್ನ ತಮ್ಮನ್ನ ಒಮ್ಮಿ ಕುಂಡ್ರಿಸಿ ನೋಡೀಯೇನ?” ಎಂದಳು.

“ಅಳತಿ ಐತ್ರೀ, ಯವ್ವಾ” ಎಂದು ನಾನು ಸೀಟನ್ನು ಚೀಲಕ್ಕೆ ಹಾಕಿಕೊಂಡೆ.  ಇವಳಿಗೇನು ಗೊತ್ತು ಸೈಕಲ್ಲಿನ ವಿಷಯ ಎಂದುಕೊಂಡು ನಾನು ಬಸ್ಸು ಹಿಡಿದೆ.

ಅತ್ತ ಮನೆಯಲ್ಲಿ ಅನೂಪ ಊಟ ಕಡಿಮೆ ಮಾಡುತ್ತ ಬಂದಿದ್ದ. ಎರಡು ರೊಟ್ಟಿ ಹೋಗಿ ಒಂದಾಯಿತು, ಒಂದು ಹೋಗಿ ಅರ್ಧವಾಯಿತು. ಒಂದು ದಿನ ತನ್ನ ಮೆಡಲುಗಳನ್ನೆಲ್ಲ ಚೀಲಕ್ಕೆ ತುಂಬಿ, ಓಣಿಯ ಹುಡುಗರಿಗೆ ಹಂಚು ಎಂದು ಅವ್ವನಿಗೆ ಕೊಟ್ಟನಂತೆ. ಮಗನಿಗೆ ವೈರಾಗ್ಯ ಬಂದಿದೆ ಎಂದು ಅವ್ವ ಸಂಕಟಪಟ್ಟಳು. ನನಗೆ ಅದು ವೈರಾಗ್ಯವಲ್ಲ ಎಂದು ಗೊತ್ತಿತ್ತು. ಮರುದಿನ ಬ್ಯಾಂಕಿಗೆ ರಜೆ ಹಾಕಿ ಅಯೂಬ ಚಾಚಾನ ಎದುರಿಗೆ ಹೋಗಿ ಕೂತೆ. ಇವತ್ತೇ ಮುಗಿಸಿಕೊಡಿ ಎಂದೆ. ಅವರು ನನ್ನ ಮುಖ ನೋಡಿ ಬೇರೆ ಕೆಲಸ ಬದಿಗಿಟ್ಟರು. ಕೋಲನ್ನು ಚೌಕಟ್ಟಿಗೆ ಹಿಡಿದು, ಸೀಟಿನ ಎತ್ತರ ನೋಡಿ, ಮತ್ತೆ ಹಿಡಿದು ನೋಡಿ ಬೆಸೆದರು. ಗಿಳಿಹಸಿರು ಬಣ್ಣ ಹೊಡೆದು ಬಿಸಿಲಿಗೆ ನಿಲ್ಲಿಸಿದಾಗ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಸೊಗಸಾಗಿತ್ತು. ಇಂಥದ್ದೊಂದು ವಿಜಯಪುರದಲ್ಲಿ ಇನ್ನೊಂದಿರಲಿಲ್ಲ. ನನಗೆ ತಿಂಗಳುಗಳ ಮೇಲೆ ಮೊದಲ ಸಲ ಹಸಿವಾಯಿತು.

ಮರುದಿನ ಹತ್ತು ಗಂಟೆಗೆ ಚಾಚಾ ಅದನ್ನು ತಳ್ಳಿಕೊಂಡು ನಮ್ಮ ಮನೆಗೆ ಬಂದರು. ಯಾರನ್ನೂ ಕರೆಯಲಿಲ್ಲ. ಅನೂಪನ ಕಿಟಕಿಯ ಹೊರಗೆ ನಿಂತು, ಹಿಂದಿನ ಗಾಲಿ ಎತ್ತಿ ಒಮ್ಮೆ ತಿರುಗಿಸಿ ಬಿಟ್ಟರು. ಟಿಕಟಿಕ ಎಂದು ಫ್ರೀವೀಲು ಓಡತೊಡಗಿತು. ಅದು ನಿಂತ ಮೇಲೆ ಇನ್ನೊಮ್ಮೆ ತಿರುಗಿಸಿದರು.

ಒಳಗಿನಿಂದ ಅನೂಪನ ದನಿ ಬಂತು. “ಯಾವ ಫ್ರೀವೀಲ್ ಅದು?”

ಚಾಚಾ ಗಾಲಿಯನ್ನು ಮತ್ತೊಮ್ಮೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ವಾಕರು ಊರುವ ಸದ್ದು ಪಡಸಾಲೆ ದಾಟಿ ಅಂಗಳಕ್ಕೆ ಬಂತು. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಬಾಗಿದ ಪೈಪಿನ ಮೇಲೆ ಬೆರಳಾಡಿಸಿದ, ಬೆಸುಗೆಯನ್ನು ಉಗುರಿನಿಂದ ಕೆರೆದು ನೋಡಿದ. “ಚಿಮಟಾ ಎಲ್ಲಿಂದ ತಂದ್ರಿ, ಚಾಚಾ? ಇಷ್ಟ ಉದ್ದಂದು ಸಿಗೂದಿಲ್ಲಲ್ಲ” ಎಂದ. ಎರಡು ಕೂಡಿಸಿ ಒಂದು ಮಾಡಿದೆ ಎಂದು ಚಾಚಾ ಮುಂದಿನ ಗಾಲಿಯನ್ನು ಹಿಡಿದಿದ್ದ ಕವೆಯನ್ನು ತೋರಿಸಿದರು. ಅವನ ತುಟಿಯ ಮೇಲೆ ನಗುವಿನಂಥದ್ದು ಏನೋ ಬಂತು. ಅವ್ವ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದಳು.

ಚಾಚಾ ಸೈಕಲ್ಲನ್ನು ಬಿಗಿಯಾಗಿ ಹಿಡಿದರು. ನಾನು ಅವನ ರಟ್ಟೆ ಹಿಡಿದು ಕೂರಿಸಿದೆ. ಬೆನ್ನು ನೆಟ್ಟಗಿತ್ತು, ಕೈಗಳು ಹ್ಯಾಂಡಲ್ಲಿಗೆ ಸರಿಯಾಗಿ ಹೊಂದಿದ್ದವು. ಎಡಗಾಲು ಪೆಡಲಿನ ಮೇಲೆ ಕೂತಿತು. ಒಂದು ತುಳಿತ ತುಳಿದ. ಬಲಗಡೆಯ ಪೆಡಲು ಕೆಳಗೆ ಹೋಯಿತು, ಬಲಗಾಲು ಹೋಗಲಿಲ್ಲ. ಪೆಡಲಿಗಿಂತ ಮೇಲೆ, ಗಾಳಿಯಲ್ಲಿ ತಡಕಾಡುತ್ತ ನಿಂತಿತು.

“ಸೀಟ ಇಳಸ್ತೀನಿ, ತಡಿ, ಬೇಟಾ” ಎಂದರು ಚಾಚಾ.

“ಇಳಿಸಿದ್ರ ಎಡಗಾಲು ಎದಿಗೆ ಬರ್ತದ” ಎಂದ ಅನೂಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. “ಭಾಳ ಛಲೋ ಕಟ್ಟೀರಿ, ಚಾಚಾ. ಯಾರಿಗಂತ ಕಟ್ಟೀರಿ, ಅಂವಾ ಈಗ ಇಲ್ಲ.”

ಬಲಗಾಲು ಗಿಡ್ಡಾಗಬಹುದು ಎಂದು ಡಾಕ್ಟರು ಹೇಳಿದ್ದರು. ಆಗಬಹುದು ಅಂದರೆ ಆಗದೆಯೂ ಇರಬಹುದು ಎಂದು ನಾವು ಹಿಡಿದುಕೊಂಡಿದ್ದೆವು. ಆದರೆ ಅವನ ಪೈಜಾಮದ ಬಲಗಾಲು ನೆಲಕ್ಕೆ ಒರೆಸುತ್ತದೆಂದು ಅವ್ವ ಮಡಚಿ ಹೊಲಿದಿದ್ದಳು, ಎಲ್ಲ ಪೈಜಾಮಗಳದೂ. ನಾನೇ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದೆ. ಹೊಲಿಯುವಾಗ ನಾವಿಬ್ಬರೂ ಧಾರಾವಾಹಿಯ ವಿಷಯ ಮಾತಾಡಿದ್ದೆವು. ಇಷ್ಟೆಲ್ಲ ಕೈಯಾರೆ ಮಾಡಿದ ನಾನು, ಹೋಗಿ ಹಳೇ ಕೋಲಿನ ಅಳತೆಗೆ ಸೈಕಲ್ ಕಟ್ಟಿಸಿದ್ದೆ. ಇಂಥ ದಡ್ಡತನಕ್ಕೆ ಯಾರನ್ನು ಬಯ್ಯಲಿ.

ಅವನು ಇಳಿದು ವಾಕರನ್ನು ಮನೆಯ ಕಡೆ ತಿರುಗಿಸಿದ. ಈಗ ಒಳಗೆ ಹೋದರೆ ಇವನು ಜೀವಂತ ಹೊರಗೆ ಬರುವುದಿಲ್ಲ ಎಂದು ನನಗನಿಸಿತು. ಓಡಿ ಹೋಗಿ ಅವ್ವನ ಹೊಲಿಗೆ ಡಬ್ಬಿಯಿಂದ ಟೇಪು ತಂದು ಅವನಿಗೆ ಅಡ್ಡ ನಿಂತೆ.

“ದಾರಿ ಬಿಡು, ಅಕ್ಕಾ.”

“ಬಿಡೂದಿಲ್ಲ. ನಿಂದು ಅಳತಿ ತಗೋಬೇಕು.”

“ಈಗೇನ್ ಅಳೀತಿ? ಹದಿನಾಲ್ಕು ತಿಂಗಳಾತು, ಕಣ್ಣಿಗೆ ಕಾಣಿಸಿಲ್ಲೇನು ನಿಮಗ?”

“ಕಾಣಿಸೇದ. ಹೇಳ್ಲಿಕ್ಕೆ ಬಾಯಿ ಬರಲಿಲ್ಲ” ಎಂದೆ.

 ಅವನು ವಾಕರಿನ ಮೇಲೆ ಭಾರ ಬಿಟ್ಟು ಗೋಡೆಗೆ ಒರಗಿ ನಿಂತ. ನಾನು ಅವನ ಕಾಲ ಬಳಿ ಮೊಣಕಾಲೂರಿ ಕೂತೆ.  ಎಡಗಾಲಿಗೆ ಟೇಪು ಹಿಡಿದೆ, ಮೂವತ್ತಮೂರು ಇಂಚು. ಬಲಗಾಲಿಗೆ ಹಿಡಿದು ಓದಿದೆ. ಮತ್ತೆ ಹಿಡಿದು ಓದಿದೆ. ಬದಲಾಗಲಿಲ್ಲ.

“ಎಷ್ಟು?” ಎಂದ.

“ಮೂವತ್ತೊಂದೂಕಾಲು” ಎಂದೆ, ಮೆಲ್ಲಗೆ.

“ಗಟ್ಟ್ಯಾಗಿ ಹೇಳು. ಅವ್ವಗೂ ಕೇಳ್ಲಿ.”

“ಎಡಗಾಲು ಮೂವತ್ತಮೂರು. ಬಲಗಾಲು ಮೂವತ್ತೊಂದೂಕಾಲು” ಎಂದು ನಾನು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದೆ. ಹೇಳಿ ಅವನ ಪಾದದ ಮೇಲೆ ತಲೆಯಿಟ್ಟು ಅತ್ತೆ. ಅವನ ಕೈ ನನ್ನ ತಲೆಯ ಮೇಲೆ ಬಂದು ಕೂತಿತು, ಅವನೂ ಅಳುತ್ತಿದ್ದ. ಹೊಸ್ತಿಲಲ್ಲಿ ಅವ್ವ ಇರಲಿಲ್ಲ; ಕೇಳಲಾರದೆ ಒಳಗೆ ಹೋಗಿದ್ದಳು. ಚಾಚಾ ಸೈಕಲ್ಲಿನ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದರು.

“ಒಂದೂ ಮುಕ್ಕಾಲು ಇಂಚು ಕಮ್ಮಿ. ಬಲಗಡೆ ಪೆಡಲ್ ಮ್ಯಾಲ ಅಷ್ಟು ದಪ್ಪ ಕಟ್ಟಿಗಿ ಬಡದ್ರ ನಡೀತದೇನು, ಚಾಚಾ?” ಎಂದು ಅನೂಪ ಮೂಗು ಒರೆಸಿಕೊಳ್ಳುತ್ತ ಕೇಳಿದ.

“ಯಾಕ ನಡಿಯೂದಿಲ್ಲ. ಒಣಗಿದ ಸಾಗವಾನಿ ಬೇಕ. ಹಸಿ ಕಟ್ಟಿಗಿ ಸೀಳತೈತಿ” ಎಂದರು ಚಾಚಾ.

ಆಗ ಅವ್ವ ದೇವರ ಕೋಣೆಯಿಂದ ಹೊರಗೆ ಬಂದಳು. ಅವಳ ಕೈಯಲ್ಲಿ ದಿನಾ ಪೂಜೆಗೆ ಕೂರುವ ಸಾಗವಾನಿ ಮಣೆ ಇತ್ತು. ಅಂಗಳಕ್ಕೆ ಇಳಿದು ಅದನ್ನು ಅಯೂಬ ಚಾಚಾನ ಮುಂದೆ ಹಿಡಿದು, “ಇದು ಸಾಕಾಗ್ತದೇನು ಕೊಯ್ದು ನೋಡ್ರಿ” ಎಂದಳು.