ಜ್ಯೋತಿಬಾನ ಸ್ಪ್ರಿಂಗು

ನನ್ನ ಗಾಡಿ ಸೋಮವಾರ ಬಾಡಿಗೆಗೆ ಹೋಗುವುದಿಲ್ಲ. ಇದು ನಮ್ಮವ್ವ ಗುರುಸಿದ್ದವ್ವನ ಕಾನೂನು. ಎತ್ತುಗಳಿದ್ದಾಗ ಸೋಮವಾರ ಅವುಗಳ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎತ್ತು ಹೋಗಿ ಕಾರು ಬಂತು, ಕಾನೂನು ಮಾತ್ರ ಹಾಗೇ ಉಳಿಯಿತು. ಆ ದಿನ ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಗಿರಾಕಿಗಳೆಲ್ಲ ಪಕ್ಕದ ಮನೆಯ ಜ್ಯೋತಿಬಾನ ಗಾಡಿ ಹತ್ತುತ್ತಿದ್ದರು. ಅವನದೂ ನನ್ನದೂ ಒಂದೇ ಮಾದರಿಯ ಕಾರು, ಬಣ್ಣವೂ ಒಂದೇ. ಅವನ ಗಾಡಿ ತುಂಬಿದ್ದು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಆದರೆ ಈ ಸಲದ ಸೋಮವಾರ ಗಾಡಿ ರಿಪೇರಿಗೆಂದು ನನಗೇ ಬೇಕಾಗಿತ್ತು. ಮಗಳು ಪೂರ್ಣಿಮಾ ಪಾಳಾದಲ್ಲಿ ಗಂಡನ ಮನೆಯಲ್ಲಿದ್ದಳು. ಚೊಚ್ಚಲ ಬಸುರಿ, ಬುಧವಾರ ತವರಿಗೆ ಕರೆತರಬೇಕು. ನಡುವೆ ಒಮ್ಮೆ ರಕ್ತ ಕಂಡು ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. "ಕರಕೊಂಡು ಹೋಗ್ರಿ, ಆದ್ರ ಧಕ್ಕಿ ತಾಗಬಾರದು ನೋಡ್ರಿ" ಎಂದಿದ್ದರು ಡಾಕ್ಟರಮ್ಮ. ನನ್ನ ಗಾಡಿಯೋ, ಕಬ್ಬಿನ ಟ್ರ್ಯಾಕ್ಟರು ಓಡಾಡಿ ಕೆತ್ತಿಹೋದ ರಸ್ತೆಗಳಲ್ಲಿ ಸವೆದು, ಧಕ್ಕೆ ತಡೆಯುವ ಮುಂದಿನ ಎರಡೂ ಶಾಕಪ್ಸರ್ ಎಣ್ಣೆ ಕಾರಿಕೊಂಡು ಕೂತಿದ್ದವು. ಸಣ್ಣ ತಗ್ಗಿಗೂ ಧಡ್ ಎನ್ನುತ್ತಿತ್ತು.

ಹುಬ್ಬಳ್ಳಿಗೆ ಹೋಗಿ ಹೊಸ ಶಾಕಪ್ಸರ್ ತಂದೆ. ಅವುಗಳ ಮೇಲೆ ಕೂರುವ ಸ್ಪ್ರಿಂಗುಗಳನ್ನೂ ತಂದೆ, ಅಂಗಡಿಯಲ್ಲಿದ್ದುದರಲ್ಲೇ ದಪ್ಪನೆಯವು. ಕಬ್ಬಿನ ಊರಿನವನ ಬುದ್ಧಿ ನೋಡಿ! ಎಷ್ಟೇ ಹೇರು ಹೇರಿದರೂ ಗಾಡಿ ಕುಸಿಯಬಾರದು, ಅದಷ್ಟೇ ನಮ್ಮ ಲೆಕ್ಕದಲ್ಲಿ ಒಳ್ಳೆಯ ಗಾಡಿ.

ಸ್ಪ್ರಿಂಗು ಒತ್ತಿ ಹಿಡಿಯುವ ಕೊಕ್ಕೆ ಓಣಿಯಲ್ಲಿ ಜ್ಯೋತಿಬಾನ ಹತ್ತಿರ ಮಾತ್ರ ಇತ್ತು. ಅದಿಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಸ್ಪ್ರಿಂಗು ಚಿಮ್ಮಿ ಹಲ್ಲು ಉದುರಿಸುತ್ತದೆ. ನಾನು ಕೇಳಲು ಹೋಗಲಿಲ್ಲ. ಅವ್ವ ಹೋದಳು. ಅವನು ಕೊಕ್ಕೆಯ ಜೊತೆ ತಾನೂ ಬಂದ.

"ಸೋಮಾರ ಕೆಲಸ ನಡೀತೈತೇನವ್ವಾ?" ಎಂದು ಕೆಣಕಿದೆ.

"ನೊಗಾ ಹೂಡಬ್ಯಾಡ ಅಂದೇನಿ. ಎತ್ತಿನ ಮೈ ತಿಕ್ಕಬ್ಯಾಡ ಅಂದಿಲ್ಲ" ಅಂದಳು.

ಜ್ಯೋತಿಬಾ ಹೊಸ ಸ್ಪ್ರಿಂಗನ್ನು ಕೈಯಲ್ಲಿ ತೂಗಿ ನೋಡಿದ. "ರುದ್ರೇಶಣ್ಣಾ, ಇದು ಭಾಳ ಬಿರುಸ ಆಗ್ತೈತಿ."

"ನಿನ್ನ ಗಾಡಿಗೆ ಹಾಕಾಕತ್ತಿಲ್ಲಲ್ಲ, ಸುಮ್ಮನಿರು" ಅಂದೆ. ಅವನು ಅದನ್ನು ಕೆಳಗಿಟ್ಟು ಜಾಕು ಎತ್ತಿಕೊಂಡ.

ಜಾಕು ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು, ಗಾಲಿ ಬಿಚ್ಚಿದೆವು. ಶಾಕಪ್ಸರ್ ಹಿಡಿದಿರುವ ಬೋಲ್ಟು ಎಲ್ಲಿ ಕೂತಿತ್ತೋ ಅಲ್ಲೇ ಮತ್ತೆ ಕೂರಬೇಕು, ಇಲ್ಲದಿದ್ದರೆ ಗಾಲಿ ಸೊಟ್ಟಗಾಗುತ್ತದೆ. ಜ್ಯೋತಿಬಾ ಅವ್ವನ ವಿಭೂತಿ ಗಟ್ಟಿ ಕೇಳಿ ತಂದು ಬೋಲ್ಟಿನ ಸುತ್ತ ಗೆರೆ ಎಳೆದ. ಅವ್ವನಿಗೆ ಅದು ಬಹಳ ಹಿಡಿಸಿತು. ಬ್ರೇಕಿನ ಪೈಪನ್ನು ಬದಿಗೆ ಕಟ್ಟಿ, ಹಳೆಯದನ್ನು ಇಳಿಸಿ, ಹೊಸದನ್ನು ಏರಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಅವ್ವ ತಂಬಿಗೆ ತುಂಬ ಮಜ್ಜಿಗೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. "ಓಣಿ ಮಾತ್ರ ದಾಟಿಸಬ್ಯಾಡ." ನಾನು ಜಂಬದಿಂದ ಹೊರಟೆ. ಮೊದಲ ತಗ್ಗಿಗೇ ಗಾಡಿ ಎಗರಿತು, ಮಜ್ಜಿಗೆ ಅವಳ ಸೀರೆಯ ತುಂಬ ಚೆಲ್ಲಿತು.

ಅವ್ವ ಸೀರೆ ಒರೆಸಿಕೊಳ್ಳಲೇ ಇಲ್ಲ. "ಕಬ್ಬು ತರಾಕ ಹೊಂಟೀಯೋ, ಮಗಳನ್ನ ತರಾಕ ಹೊಂಟೀಯೋ?"

ಅಂಗಡಿಗೆ ಫೋನು ಮಾಡಿದೆ. ಸಾದಾ ಸ್ಪ್ರಿಂಗು ಬರಲು ವಾರ ಬೇಕಂತೆ. ಹಳೆಯವನ್ನೇ ಹಾಕೋಣವೆಂದರೆ ಒಂದು ಮುರಿದೇ ಹೋಗಿತ್ತು. ಕಟ್ಟೆಯ ಮೇಲೆ ತಲೆ ಹಿಡಿದು ಕೂತೆ. ನನ್ನ ಕೈಯಾರೆ ಮಗಳ ದಾರಿಗೆ ಕಲ್ಲು ಹಾಕಿದ್ದೆ.

ಅಷ್ಟರಲ್ಲಿ ಜ್ಯೋತಿಬಾ ತನ್ನ ಗಾಡಿಗೆ ಜಾಕು ಕೊಡುತ್ತಿದ್ದ.

"ಏನ್ ಮಾಡಾಕತ್ತೀಯೋ?"

"ನನ್ನ ಸ್ಪ್ರಿಂಗ್ ಬಿಚ್ಚಾಕತ್ತೇನಿ. ಹೋದ ತಿಂಗಳ ಹಾಕೇನಿ, ಮೆತ್ತಗ ಅದಾವ. ಗಾಡಿನ ಕೊಡತಿದ್ದೆ, ಆದ್ರ ದಿನಾ ಮುಂಜಾನಿ ದಾಂಡೇಲಿಗೆ ಮಾಸ್ತರಗೋಳನ್ನ ಒಯ್ಯಬೇಕು."

"ಮತ್ತ ನಿನ್ನ ಗಾಡಿಗೆ?"

"ನಿನ್ನವು ಅದಾವಲ್ಲ." ನಕ್ಕ. "ಈಗ ನನ್ನ ಗಾಡಿಗೆ ಹಾಕಾಕತ್ತೇನಿ. ಈಗರ ಮಾತಾಡ್ಲೋ ಬ್ಯಾಡೋ?"

ಬಾಡಿಗೆಗಾಗಿ ಇವನ ಜೊತೆ ಅದೆಷ್ಟು ಗಂಟಲು ಹರಕೊಂಡಿದ್ದೇನೆ! ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅವನ ಪಕ್ಕ ಕೂತೆ. ಹೊತ್ತು ಮುಳುಗುವ ಮೊದಲು ಎರಡೂ ಗಾಡಿಗಳ ಸ್ಪ್ರಿಂಗು ಅದಲುಬದಲಾದವು. ಅವ್ವ ಮತ್ತೆ ತಂಬಿಗೆ ತುಂಬಿಕೊಂಡು ಬಂದಳು. ಅದೇ ತಗ್ಗು. ಮಜ್ಜಿಗೆ ತುಸು ತೂಗಾಡಿ ತಂಬಿಗೆಯಲ್ಲೇ ಉಳಿಯಿತು. ಆ ಮಜ್ಜಿಗೆಯನ್ನು ಅವಳು ಜ್ಯೋತಿಬಾನಿಗೇ ಕುಡಿಸಿದಳು.

ಬುಧವಾರ ಪೂರ್ಣಿಮಾ ಮುಂಡಗೋಡ ದಾಟುತ್ತಲೇ ನಿದ್ದೆ ಹೋದಳು. ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಕಣ್ಣು ಬಿಟ್ಟು, "ಇಷ್ಟ ಲಗೂನ ಬಂದ್ವೇನಪ್ಪಾ?" ಅಂದಳು. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಆರಾಮ. ಪೇಢೆ ಕೊಡಲು ಹೋದವನು, "ಇನ್ನ ನಿನ್ನ ಸ್ಪ್ರಿಂಗ್ ತಗೋ" ಅಂದೆ. ಜ್ಯೋತಿಬಾ ಕೇಳಲಿಲ್ಲ. "ಬಾಣಂತಿ ಕೂಸು ತಿರುಗಿ ಪಾಳಾಕ್ಕ ಹೋಗಬೇಕಲ್ಲಣ್ಣಾ. ಅಲ್ಲೀತನಕ ಇರ್ಲಿ."

ಈಗ ಮೊಮ್ಮಗಳು ನಮ್ಮ ಪಡಸಾಲೆಯ ತೊಟ್ಟಿಲಲ್ಲಿದ್ದಾಳೆ. ದಿನಾ ಬೆಳಿಗ್ಗೆ ಜ್ಯೋತಿಬಾನ ಗಾಡಿ ಓಣಿಯ ತಗ್ಗಿಗೆ ಧಡ್ ಎಂದು ಬೀಳುತ್ತದೆ. ಒಳಗಿನಿಂದ ಮಾಸ್ತರರು ಗೊಣಗುವುದೂ ಕೇಳುತ್ತದೆ. ನಮ್ಮ ಕೂಸಿಗೆ ತಾಗಬೇಕಾಗಿದ್ದ ಧಕ್ಕೆ ಅದು. ಚಹಾದ ಬಸಿ ಕೆಳಗಿಟ್ಟು ಆ ಸದ್ದಿಗೆ ಕೈ ಮುಗಿಯುತ್ತೇನೆ.